ಕರೆಂಟ್ ಹೋದ ರಾತ್ರಿಗೆ ತಕ್ಕ ಮೀನು: ಮಡಿಕೇರಿ ಹತ್ತಿರದ ಒಂದು ಮನೆಯ ಸಮುದ್ರ ಅಕ್ವೇರಿಯಂ

ಹೂಮಳೆ ಬಿದ್ದು ಕಾಫಿ ಹೂ ಉದುರಿದ್ದ ಸಮಯ. ಮಡಿಕೇರಿಯಿಂದ ಗಾಳಿಬೀಡಿನ ಕಡೆಗೆ ಹೋಗುವ ದಾರಿಯ ಒಂದು ಮನೆಯಿಂದ ಫೋನ್ ಬಂತು. "ಅಣ್ಣಾ, ನಾಲ್ಕು ಮೀನು ತಂದಿದ್ವಿ. ಎರಡು ಸತ್ತೇ ಹೋಯ್ತು. ಒಂದು ಮೂಲೆ ಬಿಟ್ಟು ಬರ್ತಿಲ್ಲ. ಇನ್ನೊಂದು, ಕೈ ಹಾಕಿದ್ರೆ ಕಚ್ಚೋಕೆ ಬರ್ತದೆ. ಸ್ವಲ್ಪ ಬಂದು ನೋಡ್ತೀರಾ?"

ನಾನು ಕುಶಾಲನಗರದಲ್ಲಿದ್ದುಕೊಂಡು ಸುತ್ತಲಿನ ಮನೆ, ಹೋಮ್‌ಸ್ಟೇಗಳ ಅಕ್ವೇರಿಯಂ ನೋಡಿಕೊಳ್ಳುವವನು. ಹೆಚ್ಚಿನವು ಸಿಹಿನೀರಿನವು. ಗಪ್ಪಿ, ಗೋಲ್ಡ್ ಫಿಶ್, ಏಂಜಲ್. ಕಡಲ ಮೀನಿನ ಅಕ್ವೇರಿಯಂ ಕೊಡಗಿನಲ್ಲಿ ನನ್ನ ಕೈಗೆ ಬಂದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಈ ಮನೆಯದ್ದನ್ನು ಪೂರ್ತಿ ಬರೆದಿಡೋಣ ಅನ್ನಿಸಿತು. ಇಲ್ಲಿ ಮೀನು ಆರಿಸಲು ನಾವು ಹಿಡಿದ ಲೆಕ್ಕ ಅಂಗಡಿಯವರು ಹೇಳುವ ಲೆಕ್ಕವಲ್ಲ. ಮನೆಯವರು ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಅಕ್ಕ, ಯಜಮಾನರು, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಅಜ್ಜ ಅಂತಲೇ ಬರೆಯುತ್ತೇನೆ.

ನಾನು ಹೋದಾಗ ಕಂಡದ್ದು

ಹೆಂಚಿನ ಹಳೇ ಮನೆ. ಸುತ್ತ ಆರೆಕರೆ ಕಾಫಿ, ಮರಗಳಿಗೆ ಕರಿಮೆಣಸಿನ ಬಳ್ಳಿ. ನಡುಮನೆಯಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಟ್ಯಾಂಕ್. ಲೆಕ್ಕಕ್ಕೆ 190 ಲೀಟರ್. ಮರಳು, ಕಲ್ಲು ಹಾಕಿ, ಮೇಲೆ ನಾಲ್ಕು ಬೆರಳು ಬಿಟ್ಟರೆ ನಿಜವಾಗಿ ನಿಲ್ಲುವ ನೀರು 150 ಲೀಟರ್.

ಒಳಗಿದ್ದದ್ದು ಎರಡು ಡ್ಯಾಮ್ಸೆಲ್. ಒಂದು ನೀಲಿ ಮೈಯ ಹಳದಿ ಬಾಲದ್ದು, ಕಲ್ಲಿನ ಸಂದಿಯಲ್ಲಿ ಮುದುಡಿತ್ತು. ಇನ್ನೊಂದು ಕಪ್ಪು ಬಿಳಿ ಪಟ್ಟೆಯದ್ದು. ಎರಡು ಬೆರಳಗಲ ಇಲ್ಲ, ಇಡೀ ಟ್ಯಾಂಕ್ ತನ್ನದೇ ಅನ್ನುವ ಹಾಗೆ ಓಡಾಡುತ್ತಿತ್ತು. ಬೆಂಗಳೂರಿನ ಅಂಗಡಿಯಲ್ಲಿ ನಾಲ್ಕು ಡ್ಯಾಮ್ಸೆಲ್ ಕೊಟ್ಟು, "ಇವು ಗಟ್ಟಿ ಮೀನು. ಮೊದಲು ಇವನ್ನು ಬಿಡಿ, ಟ್ಯಾಂಕ್ ರೆಡಿಯಾಗ್ತದೆ" ಅಂದಿದ್ದರಂತೆ. ನೀರು ತುಂಬಿದ ಆರನೇ ದಿನ ಮೀನು ಬಿಟ್ಟಿದ್ದರು.

ಹೊಸ ಟ್ಯಾಂಕಿನಲ್ಲಿ ಮೀನಿನ ಹೇಲುಚ್ಚೆಯಿಂದ ಬರುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಅದನ್ನು ನೈಟ್ರೇಟ್ ಮಾಡಬೇಕು. ಎರಡೂ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರವರೆಗೆ ಮೀನು ತನ್ನ ಕೊಳಕಿನಲ್ಲೇ ಉಸಿರಾಡುತ್ತಿರುತ್ತದೆ. ಡ್ಯಾಮ್ಸೆಲ್ ಗಟ್ಟಿ ಅನ್ನುವುದು ಸುಳ್ಳಲ್ಲ. ಆದರೆ ಬದುಕಿ ಉಳಿದ ಡ್ಯಾಮ್ಸೆಲ್ ಆಮೇಲೆ ಬರುವ ಮೀನುಗಳನ್ನು ಬಾಳಗೊಡುವುದಿಲ್ಲ ಅನ್ನುವುದನ್ನು ಅಂಗಡಿಯವರು ಹೇಳಿರಲಿಲ್ಲ.

ಅಕ್ಕ ಇನ್ನೊಂದು ಮಾತು ಹೇಳಿದರು. ಜೊತೆಗೆ ಎರಡು ಸಿಗಡಿಯನ್ನೂ ತಂದಿದ್ದರಂತೆ. ಬೆಳಗಾಗುವಷ್ಟರಲ್ಲಿ ಎರಡೂ ಅಂಗಾತ ಬಿದ್ದಿದ್ದವು. ಮೀನಿಗೆ ಆ ದಿನ ಏನೂ ಆಗಿರಲಿಲ್ಲ. ನನಗೆ ಅಲ್ಲೇ ಸಂಶಯ ಬಂತು. "ಉಪ್ಪುನೀರು ಯಾವುದರಲ್ಲಿ ಕಲಸ್ತೀರಿ?" ಅಂತ ಕೇಳಿದೆ. ಯಜಮಾನರು ಹಿತ್ತಲಿಗೆ ಕರೆದುಕೊಂಡು ಹೋಗಿ ನೀಲಿ ಡ್ರಮ್ ತೋರಿಸಿದರು. ತೊಳೆದು ಥಳಥಳ ಅನ್ನುತ್ತಿತ್ತು. "ಇದು ಮೊದಲು ಯಾತಕ್ಕೆ ಇತ್ತು?" "ಬೋರ್ಡೋ ಕಲಸೋಕೆ. ಚೆನ್ನಾಗಿ ತೊಳೆದಿದ್ದೀನಲ್ಲ ಮಾರಾಯ್ರೆ."

ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಕಾಫಿಯ ಎಲೆ ತುಕ್ಕು ರೋಗಕ್ಕೂ ಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ಕೊಡಗಿನ ತೋಟಗಳಲ್ಲಿ ಹೊಡೆಯುವುದು ಅದನ್ನೇ. ಮೈಲುತುತ್ತ ತಾಮ್ರದ ಉಪ್ಪು. ಮೀನು ಸ್ವಲ್ಪ ತಾಮ್ರ ತಡೆದುಕೊಳ್ಳುತ್ತದೆ. ಸಿಗಡಿ, ಏಡಿ, ಬಸವನಹುಳುಗಳಿಗೆ ಆ ಸ್ವಲ್ಪವೇ ವಿಷ. ಮುಂದಿನ ಸಲ ಹೋಗುವಾಗ ತಾಮ್ರದ ಟೆಸ್ಟ್ ಕಿಟ್ ಒಯ್ದೆ. ಬಣ್ಣ ತಿರುಗಿತು.

ಆಮೇಲಿನದ್ದು ಬೇಸರದ ಕೆಲಸ. ತಾಮ್ರ ಮರಳಿಗೂ ಕಲ್ಲಿಗೂ ಅಂಟಿಕೊಳ್ಳುತ್ತದೆ. ಮರಳು ಎಸೆದೆವು. ಕಲ್ಲು ತೊಳೆದು ಬಿಸಿಲಿಗಿಟ್ಟೆವು. ಟ್ಯಾಂಕ್ ಬರಿದು ಮಾಡಿ, ಕಾರ್ಬನ್ (ನೀರು ಸೋಸುವ ಇದ್ದಿಲು) ಹಾಕಿ ನೀರು ಎರಡು ಸಲ ಓಡಿಸಿ ಚೆಲ್ಲಿದೆವು. ಹೊಸ ಡ್ರಮ್ ಬಂತು. ಅದರ ಮೇಲೆ ಮಗಳು ದಪ್ಪ ಅಕ್ಷರದಲ್ಲಿ "ಮೀನಿಗೆ ಮಾತ್ರ" ಅಂತ ಬರೆದಳು. ಡ್ಯಾಮ್ಸೆಲ್‌ಗಳನ್ನು ಅದಕ್ಕೂ ಮೊದಲೇ ಹಿಡಿದಾಗಿತ್ತು. ಬಲೆಯಲ್ಲಿ ಸಿಗಲಿಲ್ಲ. ಎರಡು ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಒಳಕ್ಕೆ ತುರುಕಿ, ಒಳಗೆ ನಾಲ್ಕು ಕಾಳು ತಿಂಡಿ ಹಾಕಿ ಇಟ್ಟೆ. ಗದ್ದೆ ತೋಡಿನಲ್ಲಿ ಮೀನಿಗೆ ಕೂಳಿ ಇಡುತ್ತಾರಲ್ಲ, ಅದೇ ಉಪಾಯ. ಅಜ್ಜನಿಗೆ ಇದು ಬಹಳ ಖುಷಿ ಕೊಟ್ಟಿತು. ಮೂರನೇ ದಿನ ಪಟ್ಟೆಯದ್ದು ಒಳಗಿತ್ತು. ಎರಡನ್ನೂ ಮೈಸೂರಿನಲ್ಲಿ ದೊಡ್ಡ ಟ್ಯಾಂಕ್ ಇರುವ ಪರಿಚಯದವರಿಗೆ ಕೊಟ್ಟೆ.

ಆಸೆಯ ಪಟ್ಟಿ

ಟ್ಯಾಂಕ್ ಒಣಗುತ್ತಿದ್ದ ವಾರ ಎಲ್ಲರನ್ನೂ ಕೂರಿಸಿ, ಯಾರಿಗೆ ಯಾವ ಮೀನು ಬೇಕು ಅಂತ ಬರೆಸಿದೆ. ಸಣ್ಣವನಿಗೆ ಸಿಂಹಮೀನು. ಮುಳ್ಳು ಬಿಚ್ಚಿಕೊಂಡು ತೇಲುವ ಅದನ್ನು ಫೋಟೋದಲ್ಲಿ ನೋಡಿದ್ದ. ಮಗಳಿಗೆ ನೀಲಿ ಟ್ಯಾಂಗ್ ಮತ್ತು ಮ್ಯಾಂಡರಿನ್. ಇಬ್ಬರಿಗೂ ಸೇರಿ ಕ್ಲೌನ್ ಮೀನು, ಕಾರ್ಟೂನ್ ಸಿನಿಮಾದ ಕಿತ್ತಳೆ ಬಣ್ಣದ್ದು. ಅಕ್ಕನಿಗೆ ಕಡಲ್ಗುದುರೆ. ಯಜಮಾನರು, "ಸಾಯದೇ ಇರೋದು ಯಾವುದಾದ್ರೂ ಸರಿ" ಅಂದರು. ಅಜ್ಜ, "ಇಷ್ಟೆಲ್ಲಾ ಮಾಡಿ ಕೊನೆಗೆ ಸಾರು ಮಾಡೋಕಾದ್ರೂ ಆಗ್ತದಾ?" ಅಂತ ಕೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಕಡಲ್ಗುದುರೆಯನ್ನು ಒಂದೇ ಮಾತಿಗೆ ತೆಗೆದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಡಲ್ಗುದುರೆಗಳಿಗೆ ರಕ್ಷಣೆ ಇದೆ. ಹವಳಕ್ಕೂ ಇದೆ. ಯಾರೋ ಗುಟ್ಟಾಗಿ ಕೊಟ್ಟರೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೇ ಟ್ಯಾಂಕಿನ ಕಲ್ಲೂ ಕೈಯಲ್ಲಿ ಮಾಡಿದ ಸಿರಾಮಿಕ್ ಕಲ್ಲೇ, ಹವಳದ್ದಲ್ಲ.

ಮ್ಯಾಂಡರಿನ್ ಬಗ್ಗೆ ಹೇಳುವಾಗ ನನಗೇ ಬೇಜಾರಾಯಿತು. ಅಷ್ಟು ಚಂದದ ಮೀನು. ಆದರೆ ಅದು ದಿನವಿಡೀ ಕಲ್ಲಿನ ಮೇಲಿನ ಕಣ್ಣಿಗೆ ಕಾಣದಂಥ ಜೀವಿಗಳನ್ನು ಹೆಕ್ಕಿ ತಿನ್ನುತ್ತಿರುತ್ತದೆ. ನಾವು ಹಾಕುವ ತಿಂಡಿಯನ್ನು ಹೆಚ್ಚಿನವು ಮೂಸಿಯೂ ನೋಡುವುದಿಲ್ಲ. 150 ಲೀಟರಿನ ಟ್ಯಾಂಕಿನಲ್ಲಿ ಅದರ ಹೊಟ್ಟೆಗೆ ಸಾಕಾಗುವಷ್ಟು ಹುಟ್ಟುವುದಿಲ್ಲ. ನಮ್ಮ ಕಣ್ಣೆದುರೇ ತಿಂಗಳುಗಟ್ಟಲೆ ಸೊರಗಿ ಸಾಯುತ್ತದೆ.

ನೀಲಿ ಟ್ಯಾಂಗ್‌ಗೆ ಮಗಳು ಸುಲಭಕ್ಕೆ ಬಿಡಲಿಲ್ಲ. ಅಂಗಡಿಯಲ್ಲಿ ಅದು ಬೆರಳುದ್ದ ಇರುತ್ತದೆ. ಬೆಳೆದರೆ 30 ಸೆಂಟಿಮೀಟರ್. ನಮ್ಮ ಟ್ಯಾಂಕ್ ಇರುವುದೇ 90 ಸೆಂಟಿಮೀಟರ್. "ಸಣ್ಣದಿರುವಾಗ ಸಾಕಿ, ದೊಡ್ಡದಾದ ಮೇಲೆ ಯಾರಿಗಾದ್ರೂ ಕೊಡೋಣ ಅಂಕಲ್" ಅಂದಳು. "ದುಬಾರೆಯ ಆನೆಮರಿ ಚಂದ ಇದೆ ಅಂತ ಮನೆಗೆ ತಂದು, ಬೆಳೆದ ಮೇಲೆ ಯಾರಿಗೆ ಕೊಡ್ತೀಯ?" ಅಂದೆ. ನಕ್ಕಳು. ಒಪ್ಪಲಿಲ್ಲ. ಅವಳು ಒಪ್ಪಿದ್ದು ಆಗಸ್ಟ್ ಕೊನೆಗೆ, ನನ್ನ ಮಾತಿಗಲ್ಲ, ಅವಳೇ ಬರೆದ ನೋಟ್‌ಬುಕ್ಕಿಗೆ.

ನೋಟ್‌ಬುಕ್

ಮೀನು ಎಷ್ಟು ಹಿಡಿಸುತ್ತದೆ ಅಂತ ಲೆಕ್ಕ ಹಾಕುವಾಗ ಜನ ಲೀಟರ್ ನೋಡುತ್ತಾರೆ. ಬೆಂಗಳೂರು, ಮಂಗಳೂರಿನಲ್ಲಿ ಅದು ನಡೆದೀತು. ಇಲ್ಲಿ ಜೂನ್ ಬಂತೆಂದರೆ ಮರ ಬೀಳುತ್ತದೆ, ತಂತಿ ತುಂಡಾಗುತ್ತದೆ, ಲೈನ್‌ಮ್ಯಾನ್ ಮಳೆಯಲ್ಲೇ ತೋಟ ನುಗ್ಗಿ ಹುಡುಕಬೇಕು. ಪಂಪ್ ನಿಂತ ಟ್ಯಾಂಕಿನಲ್ಲಿ ಮೀನು ಎಷ್ಟು ಹೊತ್ತು ಉಸಿರಾಡಬಲ್ಲದು ಅನ್ನುವುದೇ ನಮ್ಮ ಲೆಕ್ಕವಾಗಬೇಕು. ಅದಕ್ಕೆ ಮಗಳ ಕೈಗೆ ನೂರು ಪುಟದ ನೋಟ್‌ಬುಕ್ ಕೊಟ್ಟೆ. ಜೂನ್ ಒಂದರಿಂದ ಆಗಸ್ಟ್ ಮೂವತ್ತೊಂದರವರೆಗೆ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆಯಬೇಕು. ಅವಳು ಶಾಲೆಗೆ ಹೋದಾಗ ಅಜ್ಜ.

ಹೇಗೂ ಟ್ಯಾಂಕ್ ಹದಕ್ಕೆ ಬರಲು ಕಾಯಬೇಕಿತ್ತು. ಮೀನಿಲ್ಲದೆಯೇ ದಿನಾ ಒಂದು ಚಿಟಿಕೆ ತಿಂಡಿ ಹಾಕಿ ಕೊಳೆಯಬಿಟ್ಟು ಬ್ಯಾಕ್ಟೀರಿಯಾ ಬೆಳೆಸಿದೆವು. ಜುಲೈ ಎರಡನೇ ವಾರದ ಹೊತ್ತಿಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು.

ಉಸಿರಿನ ಲೆಕ್ಕ ಹೀಗಿದೆ. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟೇ ಬಿಸಿಯ ಕಡಲ ನೀರು ಹಿಡಿಯುವುದು 6.7ರಷ್ಟು. ಉಪ್ಪು ಸೇರಿದಷ್ಟೂ ಗಾಳಿಗೆ ಜಾಗ ಕಡಿಮೆ. ಇನ್ನು ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನದ್ದಕ್ಕಿಂತ ಎಂಟರಲ್ಲಿ ಒಂದು ಪಾಲು ಕಮ್ಮಿ. ಹಾಗಾಗಿ ಆ 6.7 ಇಲ್ಲಿ ಆರಕ್ಕೂ ಕೆಳಗೆ ಇಳಿಯುತ್ತದೆ. ಅಂದರೆ ಅದೇ ಟ್ಯಾಂಕ್, ಅದೇ ಮೀನು, ಆದರೆ ಬೆಟ್ಟದ ಮೇಲೆ ಉಸಿರಿನ ಗಂಟು ಚಿಕ್ಕದು. ಅದರಲ್ಲೂ ಮೀನು ಒಂದೇ ಅಲ್ಲ, ಕಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಕೂಡ ಅದರಲ್ಲೇ ಪಾಲು ತೆಗೆದುಕೊಳ್ಳುತ್ತದೆ.

ಇನ್ನೊಂದು ಚಳಿ. ಈ ಮೀನುಗಳಿಗೆ 24ರಿಂದ 27 ಡಿಗ್ರಿ ಬೇಕು. ಜುಲೈನ ಒಂದು ಸಂಜೆ ನಾವೇ ಸ್ವಿಚ್ ಆಫ್ ಮಾಡಿ ಅಣಕು ಪರೀಕ್ಷೆ ನಡೆಸಿದೆವು. ಟ್ಯಾಂಕಿನಲ್ಲಿ ಇನ್ನೂ ಮೀನಿರಲಿಲ್ಲ. ಕೋಣೆ 17 ಡಿಗ್ರಿ. ರಾತ್ರಿ ಹತ್ತಕ್ಕೆ ನೀರು 26 ಡಿಗ್ರಿ ಇತ್ತು, ಬೆಳಿಗ್ಗೆ ಆರಕ್ಕೆ 22.2. ಮರುದಿನ ಮೂರು ಬದಿಗೆ ಥರ್ಮಾಕೋಲ್ ಹಲಗೆ ಕಟ್ಟಿ, ಮೇಲೆ ಅಜ್ಜನ ಕಂಬಳಿ ಹೊದಿಸಿ ಮತ್ತೆ ನೋಡಿದೆವು. 23.9. ಕಂಬಳಿಗೆ ಇಷ್ಟು ಶಕ್ತಿ ಇದೆಯಾ ಅಂತ ಯಜಮಾನರು ಎರಡು ಸಲ ಥರ್ಮಾಮೀಟರ್ ಒರೆಸಿ ನೋಡಿದರು. ಒಂದು ಎಚ್ಚರ: ಕಂಬಳಿಯನ್ನು ಬಿಗಿಯಾಗಿ ಮುಚ್ಚಬಾರದು, ಗಾಳಿಗೆ ಒಂದು ಬದಿ ತೆರೆದಿರಬೇಕು.

ಮನೆಯಲ್ಲಿ ಇನ್ವರ್ಟರ್ ಇತ್ತು. ಯಜಮಾನರು ಎಲ್ಲವನ್ನೂ ಅದಕ್ಕೇ ಸಿಕ್ಕಿಸಿದ್ದರು. 200 ವಾಟಿನ ಹೀಟರ್ ಒಂದೇ ಸಾಕು, ಅರ್ಧ ರಾತ್ರಿಗೆ ಬ್ಯಾಟರಿ ಮಲಗುತ್ತದೆ. ಹೀಟರನ್ನು ಅದರಿಂದ ತೆಗೆಸಿ, ಸಣ್ಣ ಅಲೆ ಪಂಪ್ ಮಾತ್ರ ಬಿಟ್ಟೆ. ಅದರ ಮೇಲೆ ಬ್ಯಾಟರಿಯಲ್ಲಿ ಓಡುವ ಎರಡು ಏರ್ ಪಂಪ್. ಬಿಸಿಗೆ ಬಚ್ಚಲ ಹಂಡೆ ಇದ್ದೇ ಇದೆ. 50 ಡಿಗ್ರಿ ನೀರು ತುಂಬಿದ ಎರಡು ಲೀಟರಿನ ನಾಲ್ಕು ಬಾಟಲಿಗಳನ್ನು ಮುಚ್ಚಳ ಬಿಗಿದು ತೇಲಿಬಿಟ್ಟರೆ ಟ್ಯಾಂಕ್ ಒಂದು ಡಿಗ್ರಿಯಷ್ಟು ಏರುತ್ತದೆ. ಪೇಟೆಯಲ್ಲಿ ಯಾರ ಮನೆಯಲ್ಲಿ ಸೌದೆ ಒಲೆಯ ಹಂಡೆ ಇದೆ ಹೇಳಿ?

ಆಗಸ್ಟ್ ಕೊನೆಗೆ ನೋಟ್‌ಬುಕ್ ಎಣಿಸಿದೆವು. ಮೂರು ತಿಂಗಳಲ್ಲಿ 41 ಸಲ ಕರೆಂಟ್ ಹೋಗಿತ್ತು. ಎಂಟು ಗಂಟೆ ದಾಟಿದ್ದು ಆರು ಸಲ. ಅತಿ ಉದ್ದದ್ದು 27 ಗಂಟೆ. ಆ 27 ಗಂಟೆಯಲ್ಲಿ ಫ್ರಿಜ್ ಕೂಡ ನಿಂತಿತ್ತು. ಫ್ರೀಜರಿನಲ್ಲಿದ್ದ ಹಂದಿ ಮಾಂಸ ಕರಗಿ ಎಲ್ಲವನ್ನೂ ಒಂದೇ ದಿನ ಬೇಯಿಸಬೇಕಾಯಿತಂತೆ. ಇದು ಮೀನಿಗೆ ಸಂಬಂಧವಿಲ್ಲದ ಸುದ್ದಿ ಅಂದುಕೊಳ್ಳಬೇಡಿ. ಎಷ್ಟೋ ಕಡಲ ಮೀನುಗಳು ತಿನ್ನುವುದು ಹೆಪ್ಪುಗಟ್ಟಿಸಿದ ತಿಂಡಿ. ಅದು ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾಕುವ ಹಾಗಿಲ್ಲ. ಅಲ್ಲಿಗೆ ಸಿಂಹಮೀನು ಹೋಯಿತು. ಅದಕ್ಕೆ ಮೀನು, ಸಿಗಡಿಯ ತುಂಡೇ ಬೇಕು. ಮುಳ್ಳಿನಲ್ಲಿ ವಿಷ ಇದೆ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ ಅನ್ನುವುದನ್ನೂ ಸಣ್ಣವನಿಗೆ ಹೇಳಿದೆ. ವಿಷ ಅಂದ ಮೇಲೆ ಅವನ ಆಸೆ ಇನ್ನೂ ಜಾಸ್ತಿಯಾಯಿತು. ಅಕ್ಕ ಕಣ್ಣು ಬಿಟ್ಟ ಮೇಲೆ ಸುಮ್ಮನಾದ.

ಮಗಳು 27ರ ಕೆಳಗೆ ಎರಡು ಗೆರೆ ಎಳೆದು, ಟ್ಯಾಂಗ್ ದಿನವಿಡೀ ಈಜುವ ಮೀನು ಅಲ್ವಾ ಅಂತ ಕೇಳಿದಳು. ಹೌದು ಅಂದೆ. ಓಡುವವನಿಗೆ ಉಸಿರು ಜಾಸ್ತಿ ಬೇಕು, ಕೂತವನಿಗೆ ಕಡಿಮೆ. ಅವಳೇ ಹೆಸರು ಹೊಡೆದು ಹಾಕಿದಳು.

ಉಳಿದ ಹೆಸರುಗಳು

ಹಾಗೆ ಮೂರು ಪ್ರಶ್ನೆ ಉಳಿದವು. ಮೀನು ಒಂದೇ ಕಡೆ ಇರುವಂಥದ್ದಾ? ಒಣ ಕಾಳು ತಿಂಡಿ ತಿನ್ನುತ್ತದಾ? ಎರಡು ಡಿಗ್ರಿ ಇಳಿದರೆ ತಡೆಯುತ್ತದಾ? ಇವಕ್ಕೆ ಹೌದು ಅನ್ನಿಸಿದರೆ ಮಾತ್ರ ಬಣ್ಣ ನೋಡುವುದು.

ಕ್ಲೌನ್ ಮೂರರಲ್ಲೂ ಪಾಸಾಯಿತು. ಕಡಲಲ್ಲೇ ಅದು ತನ್ನ ಆನಿಮೋನ್ (ಹೂವಿನ ಹಾಗೆ ಕಾಣುವ, ಕಲ್ಲಿಗೆ ಅಂಟಿಕೊಂಡಿರುವ ಕಡಲ ಜೀವಿ) ಬಿಟ್ಟು ಕೆಲವೇ ಮೀಟರ್ ಆಚೆ ಹೋಗುವುದು. ಸಣ್ಣ ಮನೆ ಅದಕ್ಕೆ ಹಿಂಸೆಯಲ್ಲ. ಆನಿಮೋನ್ ಇಲ್ಲದೆಯೂ ಟ್ಯಾಂಕಿನಲ್ಲಿ ಆರಾಮವಾಗಿ ಬಾಳುತ್ತದೆ. ಆನಿಮೋನ್ ಸಾಕುವುದು ಮೀನು ಸಾಕುವುದಕ್ಕಿಂತ ಕಷ್ಟ, ಅದು ಸತ್ತರೆ ಇಡೀ ನೀರು ಕೆಡುತ್ತದೆ. ಹಾಗಾಗಿ ಅದರ ಮಾತೇ ಎತ್ತಲಿಲ್ಲ. ಮುಖ್ಯವಾಗಿ ಕ್ಲೌನ್ ಮರಿಗಳನ್ನು ತೊಟ್ಟಿಯಲ್ಲೇ ಹುಟ್ಟಿಸಿ ಬೆಳೆಸುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂ ಕೇಂದ್ರದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಮರಿಯಾಗಿದ್ದಾಗಲೇ ಕಾಳು ತಿಂಡಿ ಕಂಡಿರುತ್ತದೆ. ಕಡಲಿನಿಂದ ಹಿಡಿದು ತಂದದ್ದು ಹಾಗಲ್ಲ.

ಕ್ಲೌನ್‌ಗಳೆಲ್ಲ ಹುಟ್ಟುವಾಗ ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಜೊತೆಗಿದ್ದ ಗಂಡೇ ಹೆಣ್ಣಾಗಿ ಮನೆ ವಹಿಸಿಕೊಳ್ಳುತ್ತದೆ. ಅದಕ್ಕೇ ಜೋಡಿ ಕೊಳ್ಳುವಾಗ ಒಂದು ದೊಡ್ಡದು, ಒಂದು ಸಣ್ಣದು ನೋಡಿ ಕೊಳ್ಳಬೇಕು. ಜಗಳ ಕಮ್ಮಿ. ಇದನ್ನು ಕೇಳಿ ಅಜ್ಜ ಬಹಳ ಹೊತ್ತು ಅಕ್ಕನ ಮುಖ ನೋಡಿ ನಗುತ್ತಿದ್ದರು.

ಎರಡನೆಯದು ಹಳದಿ ಗೋಬಿ. ಮರಳಿನಲ್ಲಿ ಬಿಲ ಮಾಡಿಕೊಂಡು ಬಾಗಿಲಲ್ಲಿ ಕೂತು ಕಾವಲು ಕಾಯುವ ಮೀನು. ನೆಗೆಯುವ ಚಾಳಿ ಇದೆ, ಟ್ಯಾಂಕಿಗೆ ಬಲೆಯ ಮುಚ್ಚಳ ಬೇಕೇ ಬೇಕು.

ಮೂರನೆಯದಕ್ಕೆ ನಾನು ಮೊದಲು ಹೇಳಿದ್ದು ಬಂಗಾಯ್ ಕಾರ್ಡಿನಲ್. ಬೆಳ್ಳಿ ಮೈ, ಕಪ್ಪು ಗೆರೆ, ಸಮಾಧಾನದ ಮೀನು. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಸುತ್ತ ಬಿಟ್ಟರೆ ಹುಟ್ಟಾ ಬೇರೆಲ್ಲೂ ಇಲ್ಲದ ಜಾತಿ. ಅಕ್ವೇರಿಯಂಗೆಂದು ಹಿಡಿದು ಹಿಡಿದೇ ಕಡಿಮೆಯಾಗಿ, 2007ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ತೊಟ್ಟಿಯಲ್ಲಿ ಹುಟ್ಟಿದ್ದು ಸಿಕ್ಕರೆ ಮಾತ್ರ ತಗೊಳ್ಳೋಣ ಅಂದಿದ್ದೆ. ಅಂಗಡಿಗೆ ಫೋನ್ ಮಾಡಿದರೆ, "ಎಲ್ಲಿಂದ ಬರ್ತದೋ ಗೊತ್ತಿಲ್ಲ ಸಾರ್, ಲಾಟ್‌ನಲ್ಲಿ ಬರ್ತದೆ" ಅಂದರು. ಮಗಳು ಬೇಡ ಅಂದುಬಿಟ್ಟಳು. ಅದರ ಬದಲು ಪೈಜಾಮಾ ಕಾರ್ಡಿನಲ್. ಮುಂಭಾಗ ಹಳದಿ, ನಡುವಿಗೆ ಕಪ್ಪು ಪಟ್ಟಿ, ಹಿಂಭಾಗಕ್ಕೆ ಚುಕ್ಕೆಚುಕ್ಕೆಯ ಪೈಜಾಮ ಹಾಕಿದ ಹಾಗೆ. ಕೈ ಬೆರಳುದ್ದ ಬೆಳೆಯುತ್ತದೆ. ಹಗಲು ಒಂದೇ ಕಡೆ ತೂಗುತ್ತಾ ನಿಲ್ಲುತ್ತದೆ. ಪೈಜಾಮ ಅಂದ ಕೂಡಲೇ ಸಣ್ಣವನು ಸಿಂಹವನ್ನು ಮರೆತ.

ಬಿಡುವ ಕ್ರಮವೂ ಮುಖ್ಯ. ಸಾಧು ಮೀನು ಮೊದಲು, ಜಾಗಕ್ಕೆ ಜಗಳವಾಡುವುದು ಕೊನೆಗೆ. ಹಾಗಾಗಿ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಕಾಯುತ್ತಿದ್ದ ಕ್ಲೌನ್ ಎಲ್ಲರಿಗಿಂತ ಕೊನೆಗೆ ಬರಬೇಕಿತ್ತು. ಸಣ್ಣವನು ಅತ್ತ. ನಾನು ಮಾತು ಬದಲಿಸಲಿಲ್ಲ. ಡ್ಯಾಮ್ಸೆಲ್ ಕಥೆ ಆಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಕ್ಲೌನ್ ಕೂಡ ಅದೇ ಕುಟುಂಬದ್ದು.

ತರುವುದು, ಕಾಯುವುದು

ಸೆಪ್ಟೆಂಬರ್ ನಡುವಿನಲ್ಲಿ ನಾನೂ ಯಜಮಾನರೂ ಬೆಂಗಳೂರಿಗೆ ಹೋದೆವು. ಅಂಗಡಿಯಲ್ಲಿ ಒಂದೇ ಹಠ: ನಮ್ಮ ಕಣ್ಣೆದುರು ಕಾಳು ತಿಂಡಿ ತಿನ್ನಬೇಕು. ಆರು ಕಾರ್ಡಿನಲ್‌ಗಳಲ್ಲಿ ಮೂರು ತಿಂದವು. ಅದರಲ್ಲಿ ಎರಡು ಆರಿಸಿದೆವು. ಗೋಬಿ ಬಿಲದಿಂದ ಬರಲು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಅಂಗಡಿಯ ಹುಡುಗನಿಗೆ ತಾಳ್ಮೆ ಕೆಟ್ಟಿತ್ತು. ಯಜಮಾನರು ಅವನಿಗೆ ಮನೆಯ ಕಾಫಿಪುಡಿ ಕೊಟ್ಟು ಸಮಾಧಾನ ಮಾಡಿದರು.

ಆರೇಳು ಗಂಟೆ ಚೀಲದಲ್ಲಿದ್ದ ಮೀನನ್ನು ಬಿಡುವಾಗ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಚೀಲ ಬಿಚ್ಚಿ, ಗಂಟೆಗಟ್ಟಲೆ ಹನಿಹನಿಯಾಗಿ ಟ್ಯಾಂಕಿನ ನೀರು ಸೇರಿಸುತ್ತಾರೆ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಆಮ್ಲದ ಕಡೆಗೆ ವಾಲಿರುತ್ತದೆ. ಆಗ ಅಮೋನಿಯಾದ ವಿಷ ಕಡಿಮೆ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ನಾವು ಅಂಗಡಿಯ ನೀರಿನ ಉಪ್ಪನ್ನು ಮೊದಲೇ ಅಳೆದು, ಮನೆಯ ತೊಟ್ಟಿಯನ್ನು ಅದಕ್ಕೇ ಹೊಂದಿಸಿಟ್ಟಿದ್ದೆವು. ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿದ ಕೂಡಲೇ ಮೀನು ಮಾತ್ರ ತೊಟ್ಟಿಗೆ. ಚೀಲದ ನೀರು ಚರಂಡಿಗೆ.

ತೊಟ್ಟಿ ಅಂದದ್ದು 40 ಲೀಟರಿನ ಎರಡು ಪ್ಲಾಸ್ಟಿಕ್ ಟಬ್. ಹೊಸ ಮೀನು ತಿಂಗಳಾದರೂ ಬೇರೆ ಇರಬೇಕು. ಈ ನಿಯಮಕ್ಕೆ ಯಜಮಾನರು ಒಳಗೊಳಗೇ ಗೊಣಗಿದ್ದರು. ಒಂಬತ್ತನೇ ದಿನ ಕಾರ್ಡಿನಲ್‌ಗಳ ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡಾಗ ಗೊಣಗು ನಿಂತಿತು. ಕಡಲ ಮೀನಿನ ಬಿಳಿಚುಕ್ಕೆ ರೋಗ. ಟ್ಯಾಂಕಿಗೆ ಹೊಕ್ಕಿದ್ದರೆ, ಮೀನುಗಳನ್ನೆಲ್ಲ ಹೊರಗಿಟ್ಟು ಎರಡೂವರೆ ತಿಂಗಳು ಟ್ಯಾಂಕ್ ಖಾಲಿ ಬಿಡಬೇಕಿತ್ತು.

ಅದಕ್ಕೆ ಮದ್ದು ಏನು ಗೊತ್ತಾ? ತಾಮ್ರ. "ನಮ್ಮ ತೋಟದ ಮೈಲುತುತ್ತ ಆಗ್ತದಾ?" ಅಂತ ಯಜಮಾನರು ತಕ್ಷಣ ಕೇಳಿದರು. ನಗು ಬಂದರೂ ಪ್ರಶ್ನೆ ದಡ್ಡತನದ್ದಲ್ಲ. ಮದ್ದಿನಲ್ಲಿ ಇರುವುದೂ ಅದೇ ತಾಮ್ರ. ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮಾತ್ರ. ಕಡಿಮೆಯಾದರೆ ರೋಗ ಹೋಗುವುದಿಲ್ಲ, ಜಾಸ್ತಿಯಾದರೆ ಮೀನು ಹೋಗುತ್ತದೆ. ದಿನಕ್ಕೆರಡು ಸಲ ಅಳೆಯಬೇಕು. ಅಕ್ವೇರಿಯಂಗೆಂದೇ ಮಾಡಿದ ಮದ್ದು ಹಾಕಿದೆವು. ಒಂದು ಕಾರ್ಡಿನಲ್ ನಾಲ್ಕನೇ ದಿನ ತಿನ್ನುವುದು ಬಿಟ್ಟಿತು, ಏಳನೇ ದಿನ ಸತ್ತಿತು. ಮೊದಲ ಎರಡು ದಿನ ನಾನು ಮದ್ದನ್ನು ಒಂದೇ ಏಟಿಗೆ ಪೂರ್ತಿ ಪ್ರಮಾಣಕ್ಕೆ ಏರಿಸದೆ ನಿಧಾನಕ್ಕೆ ಏರಿಸಬಹುದಿತ್ತೇನೋ ಅಂತ ಈಗಲೂ ಅನ್ನಿಸುತ್ತದೆ. ಇನ್ನೊಂದು ಚೇತರಿಸಿಕೊಂಡಿತು. ಗೋಬಿ ಬೇರೆ ಟಬ್‌ನಲ್ಲಿದ್ದದ್ದರಿಂದ ಅದಕ್ಕೆ ಏನೂ ಆಗಲಿಲ್ಲ. ಸತ್ತ ಮೀನನ್ನು ಮಕ್ಕಳು ಮಲ್ಲಿಗೆ ಗಿಡದ ಬುಡದಲ್ಲಿ ಹುಗಿದರು.

ನವೆಂಬರ್ ಮೊದಲ ವಾರ ಕಾರ್ಡಿನಲ್ ಮತ್ತು ಗೋಬಿ ಟ್ಯಾಂಕಿಗೆ ಇಳಿದವು. ಅದಕ್ಕೂ ಮೊದಲೇ ಐದು ಕಡಲ ಬಸವನಹುಳು ಬಿಟ್ಟು, ತಾಮ್ರ ಉಳಿದಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡಿದ್ದೆವು. ಕ್ಲೌನ್ ಜೋಡಿ ನವೆಂಬರ್ ನಡುವಿನಲ್ಲಿ ಬಂತು. ತಿಂಗಳು ಟಬ್‌ನಲ್ಲಿ ಕಳೆದು, ಹುತ್ತರಿ ಮುಗಿದ ಮೇಲೆ ಟ್ಯಾಂಕಿಗೆ ಹೋಯಿತು. ಸಣ್ಣವನು ಆ ದಿನ ಶಾಲೆಗೆ ಹೋಗಲೇ ಇಲ್ಲ. ದೊಡ್ಡ ಕ್ಲೌನ್ ಅರ್ಧ ಗಂಟೆಯಲ್ಲಿ ಪಂಪಿನ ಮೂಲೆಯನ್ನು ತನ್ನ ಮನೆ ಮಾಡಿಕೊಂಡಿತು. ಈಗಲೂ ಅಲ್ಲೇ ಮಲಗುತ್ತದೆ.

31 ಗಂಟೆ

ಈ ವರ್ಷ ಜುಲೈನಲ್ಲಿ ಪರೀಕ್ಷೆ ಬಂತು. ಸಂಜೆ ಐದೂಮುಕ್ಕಾಲಿಗೆ ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿತ್ತು. ನನಗೆ ಫೋನ್ ಬಂದದ್ದು ಮರುದಿನ ಮಧ್ಯಾಹ್ನ, ನೆಟ್‌ವರ್ಕ್ ಸಿಕ್ಕ ಮೇಲೆ. ಹಾಗಾಗಿ ಮುಂದಿನದ್ದು ನೋಟ್‌ಬುಕ್ಕಿನಲ್ಲಿ ಇರುವಂತೆ.

ಮೊದಲು ತಿಂಡಿ ನಿಲ್ಲಿಸಿದರು. ತಿಂದರೆ ಮೀನಿಗೆ ಉಸಿರೂ ಜಾಸ್ತಿ ಬೇಕು, ಕೊಳಕೂ ಜಾಸ್ತಿ. ಒಂದು ದಿನ ಉಪವಾಸ ಇದ್ದರೆ ದೊಡ್ಡ ಮೀನಿಗೆ ಏನೂ ಆಗುವುದಿಲ್ಲ. ಥರ್ಮಾಕೋಲ್ ಕಟ್ಟಿದರು, ಕಂಬಳಿ ಹೊದಿಸಿದರು. ಅಲೆ ಪಂಪ್ ಇನ್ವರ್ಟರ್ ಮೇಲೆ ರಾತ್ರಿ ಎರಡರವರೆಗೆ ಓಡಿತು. ಬೇಗ ನಿಂತದ್ದಕ್ಕೆ ಕಾರಣ, ಯಾರೋ ಟಿವಿ ಹಾಕಿದ್ದರು. ಯಾರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಲ್ಲ. ಪಂಪಿನ ಸದ್ದು ನಿಂತ ಕೂಡಲೇ ಅಜ್ಜನಿಗೆ ಎಚ್ಚರವಾಗಿದೆ. ವಯಸ್ಸಾದವರ ತೆಳು ನಿದ್ದೆ ಟ್ಯಾಂಕಿನ ಒಳ್ಳೆಯ ಅಲಾರಂ. ಎದ್ದು ಟಾರ್ಚ್ ಬೆಳಕಿನಲ್ಲಿ ಬ್ಯಾಟರಿ ಏರ್ ಪಂಪ್ ಸಿಕ್ಕಿಸಿದ್ದಾರೆ. ನಾಲ್ಕು ಗಂಟೆಗೆ ಹಂಡೆಗೆ ಬೆಂಕಿ ಹಾಕಿದ್ದಾರೆ. ಬೆಳಿಗ್ಗೆ ಐದೂವರೆಗೆ ನೀರು 22.6. ನಾಲ್ಕು ಬಾಟಲಿ. ಆರೂವರೆಗೆ 23.5. ಮತ್ತೆ ನಾಲ್ಕು ಬಾಟಲಿ. ಎಂಟಕ್ಕೆ 24.3. ಹಗಲು ಎರಡು ಗಂಟೆ ಜನರೇಟರ್ ಹಾಕಿದಾಗ ಹೀಟರ್ ಓಡಿತು. ಎರಡನೇ ರಾತ್ರಿ ಹನ್ನೆರಡೂಮುಕ್ಕಾಲಿಗೆ ಕರೆಂಟ್ ಬಂತು.

ಕಾರ್ಡಿನಲ್ ಇಡೀ ಹೊತ್ತು ತೂಗುತ್ತಲೇ ಇತ್ತು. ಗೋಬಿ ಬಿಲ ಬಿಡಲಿಲ್ಲ. ಕ್ಲೌನ್‌ಗಳು ಬೆಳಗಿನ ಜಾವ ಗುಳ್ಳೆ ಏಳುವ ಕಡೆ, ನೀರಿನ ಮೇಲ್ಮೈ ಹತ್ತಿರ ಬಂದು ನಿಂತಿದ್ದವಂತೆ. ಅದು ಉಸಿರು ಕಡಿಮೆಯಾದ ಲಕ್ಷಣ. ನಾಲ್ಕೇ ಮೀನು ಇದ್ದದ್ದಕ್ಕೆ ಅಲ್ಲಿಗೆ ನಿಂತಿತು. ಎಂಟು ಇದ್ದಿದ್ದರೆ, ಅದರಲ್ಲೊಂದು ಟ್ಯಾಂಗ್ ಇದ್ದಿದ್ದರೆ, ಬೆಳಿಗ್ಗೆ ಹೇಗಿರುತ್ತಿತ್ತು ಅಂತ ಊಹಿಸಲು ನನಗೆ ಇಷ್ಟವಿಲ್ಲ. ಮೂರನೇ ದಿನ ಅಮೋನಿಯಾ ನೋಡಿದೆ. ಸೊನ್ನೆ.

ಟ್ಯಾಂಕಿನಲ್ಲಿ ಇನ್ನೊಂದು ಸಣ್ಣ ಮೀನಿಗೆ ಜಾಗ ಇದೆ. ಪಾಚಿ ಕೆರೆಯುವ ಬ್ಲೆನ್ನಿ ತರೋಣ ಅಂತ ಅಕ್ಕನ ಆಸೆ. ಗಾಜಿನ ಮೇಲೆ ಪಾಚಿ ಇನ್ನೂ ತೆಳುವಾಗಿದೆ. ಅದನ್ನೇ ನಂಬಿ ಬರುವ ಮೀನು ಹಸಿಯುತ್ತದೆ ಅಂತ ಮಗಳು ತಡೆದಿದ್ದಾಳೆ. ಸತ್ತ ಕಾರ್ಡಿನಲ್‌ಗೆ ಜೋಡಿ ತರೋಣ ಅಂತ ಸಣ್ಣವನು. ಇಬ್ಬರೂ ಜನವರಿಯವರೆಗೆ ಕಾಯಲು ಒಪ್ಪಿದ್ದಾರೆ.

ಹೋದ ವಾರ ಹೋದಾಗ ನೋಟ್‌ಬುಕ್ ಟ್ಯಾಂಕಿನ ಪಕ್ಕದಲ್ಲೇ ದಾರ ಕಟ್ಟಿ ನೇತುಹಾಕಿತ್ತು. ಕೊನೆಯ ಸಾಲು ಅಜ್ಜನ ಅಕ್ಷರದಲ್ಲಿ: "ಹೋದದ್ದು 7.40. ಬಂದದ್ದು 9.15. ನೀರು 25.4. ಮೀನು ನಾಲ್ಕು."